ಕಲ್ಲುಗಳಿಗೆ ವಿಶ್ರಾಂತಿ

ಚುನಾವಣೆಯ ಪ್ರಣಾಳಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿದ ಮನುಷ್ಯ ಶಿರಹಟ್ಟಿ ಸೀಮೆಯಲ್ಲಿ ಯಾರಾದರೂ ಇದ್ದರೆ ಅವನು ಕರೇಹುಣಸಿಯ ಮಹಬೂಬಸಾಬ ನದಾಫ. ಬರೆಸಿದವರು ಅದನ್ನು ಓದುವುದಿಲ್ಲ, ಹಂಚಿದವರೂ ಓದುವುದಿಲ್ಲ. ಯಾರಿಗಾಗಿ ಅಚ್ಚಾಯಿತೋ ಆ ಮಹಾಜನರಂತೂ ಅದರಲ್ಲಿ ಮಿರ್ಚಿಭಜಿ ಕಟ್ಟಿಸಿಕೊಂಡು ತಿಂದು, ಎಣ್ಣೆ ಕೈ ಒರೆಸಿ, ಬಸ್‌ಸ್ಟ್ಯಾಂಡಿನಲ್ಲಿ ಬಿಸಾಕಿ ಹೋಗುತ್ತಾರೆ. ಮಹಬೂಬಸಾಬ ಅದನ್ನು ಎತ್ತಿ, ಧೂಳು ಕೊಡವಿ, ಕನ್ನಡಕ ಏರಿಸಿ, ಬೇರೆಯವರು ಪುರಾಣ ಓದುವ ಶ್ರದ್ಧೆಯಿಂದ ಓದುತ್ತಿದ್ದ. ಓದಿ ಸುಮ್ಮನಿದ್ದರೆ ಒಂದು ಮಾತು. ತೀರ್ಪು ಬೇರೆ ಕೊಡುತ್ತಿದ್ದ. ಈ ಸಲ ಇವರದು ಆರಂಭ ಚೆನ್ನಾಗಿದೆ, ನಡುವೆ ಸೊರಗಿದೆ. ಅವರದು ಬರೀ ಜಂಬ. ಇನ್ನೊಬ್ಬರದು ಹೋದ ಸಲದ್ದನ್ನೇ ಅಂಗಿ ಬದಲಿಸಿ ತಂದದ್ದು ಎಂದು. ಮತ ಯಾರಿಗೆ ಹಾಕುತ್ತೀ ಎಂದು ಕೇಳಿದರೆ ಮಾತ್ರ ಅವನಿಗೆ ಸಿಟ್ಟು ಬರುತ್ತಿತ್ತು. ತಾನು ಮಾತಾಡುತ್ತಿರುವುದು ಬರವಣಿಗೆಯ ಬಗ್ಗೆ, ಮತಕ್ಕೂ ಅದಕ್ಕೂ ಏನು ಸಂಬಂಧ ಎನ್ನುತ್ತಿದ್ದ.

ಅವನ ಅಪ್ಪ ಹತ್ತಿ ಹಿಂಜಿ ಗಾದಿ ತುಂಬುವವನು. ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಯಾವ ಊರಲ್ಲಿ ಮದುವೆ ಇದ್ದರೂ ಹಿಂಜುವ ಬಿಲ್ಲು ಹೆಗಲಿಗೇರಿಸಿ ಹೊರಡುತ್ತಿದ್ದ. ಮಗನಿಗೆ ಹತ್ತಿಯ ಧೂಳು ಆಗಿಬರಲಿಲ್ಲ. ಒಂದು ಗಾದಿ ಮುಗಿಯುವುದರೊಳಗೆ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಹೋಗುತ್ತಿದ್ದವು. ಹತ್ತನೆಯ ತರಗತಿ ಮುಗಿಸಿದ್ದೇ ಅಪ್ಪ ಅವನನ್ನು ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಬಿಟ್ಟು ಬಂದ. ಮೊದಲ ವಾರದಲ್ಲೇ ಕೈಯಿಂದ ಜಾರಿಬಿದ್ದ ಒಂದು ಸೀಸದ ಅಕ್ಷರವನ್ನು ಹುಡುಗ ನೋಡದೆ ತುಳಿದ. ಪಕ್ಕದಲ್ಲಿದ್ದ ಹಿರಿಯ ಕೆಲಸಗಾರ ಕಪಾಳಕ್ಕೆ ಒಂದು ಬಿಟ್ಟು, ಅನ್ನ ಕೊಡುವುದನ್ನು ತುಳಿಯುತ್ತೀಯೇನೋ ಎಂದ. ಮಹಬೂಬಸಾಬ ಆ ಅಕ್ಷರವನ್ನೆತ್ತಿ ಕಣ್ಣಿಗೊತ್ತಿಕೊಂಡ. ಆಮೇಲೆ ಅದು ಅವನಿಗೆ ಹುಟ್ಟುಗುಣವೇ ಆಗಿಬಿಟ್ಟಿತು. ಬೀದಿಯಲ್ಲಿ ಅಕ್ಷರವಿದ್ದ ಯಾವ ಚೂರು ಕಂಡರೂ ಬಗ್ಗಿ ಎತ್ತಿ, ಕಣ್ಣಿಗೊತ್ತಿ, ಯಾವುದಾದರೂ ಗೋಡೆಯ ಬಿರುಕಿನಲ್ಲಿ ಸಿಕ್ಕಿಸುವನು. ಅದು ಉರ್ದುವೋ, ಕನ್ನಡವೋ, ಸೋಪಿನ ಜಾಹೀರಾತೋ ಅವನಿಗೆ ಬೇಕಿರಲಿಲ್ಲ.

ಮುದ್ರಣಾಲಯಕ್ಕೆ ಚುನಾವಣೆ ಅಂದರೆ ಸುಗ್ಗಿ. ಎಲ್ಲ ಪಕ್ಷಗಳ ಕರಡೂ ಅವನ ಮುಂದೆ ಬಂದು ಬೀಳುತ್ತಿದ್ದವು. ತಿದ್ದು ಅಂದರೆ ತಿದ್ದಬೇಕು, ಅಷ್ಟೇ ಕೆಲಸ. ಇವನು ತಿದ್ದುತ್ತ ತಿದ್ದುತ್ತ ರುಚಿ ಹತ್ತಿಸಿಕೊಂಡ. ಮೊಳೆಗಳ ಕಾಲ ಮುಗಿದು ಕಂಪ್ಯೂಟರ್ ಬಂತು. ಅದನ್ನೂ ಕಲಿತು ಶಿರಹಟ್ಟಿಯಲ್ಲಿ ಸ್ವಂತ ಅಂಗಡಿ ಇಟ್ಟ. ಲಗ್ನಪತ್ರಿಕೆ, ಬ್ಯಾನರು, ಸತ್ತವರ ಫೋಟೋದ ಕೆಳಗೆ ಹಾಕುವ ಶ್ರದ್ಧಾಂಜಲಿ. ಊರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವನು. ಸಂಜೆ ಚಹಾ ಕುಡಿದು, ಸಿಕ್ಕ ಪ್ರಣಾಳಿಕೆಯನ್ನು ಹೆಂಡತಿ ಜೈಬುನ್ನೀಸಾಳ ಮುಂದೆ ಗಟ್ಟಿಯಾಗಿ ಓದುವನು. ಮಗಳು ನೂರೀನಳನ್ನು ಬೆಟಗೇರಿಗೆ ಕೊಟ್ಟಾಗಿತ್ತು, ಮನೆಯಲ್ಲಿ ಇವರಿಬ್ಬರೇ. ಜೈಬುನ್ನೀಸಾ ಹಳೇ ಸೀರೆಗಳನ್ನು ಹರವಿ ಕೌದಿ ಹೊಲಿಯುತ್ತ ಕೇಳುವಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಿವಿ ಮಾತ್ರ ಬಲು ಚುರುಕು.

ಒಂದು ಸಲ ಹೀಗೆಯೇ ಓದುತ್ತಿದ್ದಾಗ, ಆದ್ಯತೆ ನೀಡಲಾಗುವುದು, ಶ್ರಮಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು ಎಂದು ಸಾಲು ಸಾಲಾಗಿ ಬಂತು. ಅವಳು ಸೂಜಿ ನಿಲ್ಲಿಸಿ, ಇಷ್ಟೆಲ್ಲ ಆಗುತ್ತದೆ ಅನ್ನುತ್ತಾರಲ್ಲ, ಮಾಡುವವರು ಮಾತ್ರ ಇದರಲ್ಲಿ ಒಬ್ಬರೂ ಇಲ್ಲವಲ್ಲ ಎಂದಳು. ಮಹಬೂಬಸಾಬನಿಗೆ ಕಣ್ಣು ತೆರೆದಂತಾಯಿತು. ಮಾರನೆಯ ದಿನ ಅಂಗಡಿಗೆ ಬಂದವರ ಮುಂದೆಲ್ಲ ಅದನ್ನು ತನ್ನದೇ ಮಾತೆಂಬಂತೆ ಹೇಳಿಕೊಂಡು ತಿರುಗಿದ. ಅವನ ವಿಮರ್ಶೆಯಲ್ಲಿ ಒಳ್ಳೆಯದೆಂದು ಜನ ತಲೆದೂಗಿದ್ದೆಲ್ಲ ಹೀಗೆ ಕೌದಿಯ ಮೇಲಿಂದ ಎದ್ದು ಬಂದದ್ದೇ. ಅವಳಿಗೆ ಗೊತ್ತಿತ್ತು, ನಗುತ್ತಿದ್ದಳು.

ಹಾಗೆ ಓದಿ ಓದಿ ಮಹಬೂಬಸಾಬ ಒಂದು ತತ್ವಕ್ಕೆ ಬಂದು ನಿಂತಿದ್ದ. ಹತ್ತು ಭರವಸೆ ಕೊಡುವ ಪ್ರಣಾಳಿಕೆ ಅಂದರೆ ಸಂತೆಯ ಚೀಟಿ. ಒಂದೇ ಭರವಸೆ ಇರಬೇಕು. ಅದರಲ್ಲಿ ಒಂದು ಊರಿರಬೇಕು, ಮಳೆಯೋ ಬಿಸಿಲೋ ಇರಬೇಕು, ನಡೆಯುವ ಒಬ್ಬ ಮನುಷ್ಯ ಇರಬೇಕು. ಕೇಳಿದವನು ಮನೆಗೆ ಹೋಗಿ ಹೆಂಡತಿಗೆ ಹೇಳುವ ಹಾಗಿರಬೇಕು. ಅಂಥದ್ದನ್ನು ಈ ನಾಡಿನಲ್ಲಿ ಇನ್ನೂ ಯಾರೂ ಬರೆದಿಲ್ಲ ಎಂಬುದು ಅವನ ಕೊರಗು. ಒಂದು ಸಲ, ಒಂದೇ ಒಂದು ಸಲ, ತಾನೇ ಬರೆಯಬೇಕು ಎಂಬುದು ಅವನು ಬಾಯಿಬಿಟ್ಟು ಹೇಳದ ಆಸೆ. ಪಾಪ, ಆಸೆ ಅಂದಮೇಲೆ ಯಾರಿಗಿಲ್ಲ. ಆದರೆ ಇವನ ಆಸೆ ಕೈಗೂಡಿತು, ಅದೇ ಆಗಬಾರದಿತ್ತು.

ಕರೇಹುಣಸಿಯ ಹಳ್ಳದ ಸಂಗತಿ ಈಗ ಹೇಳಬೇಕು. ಊರು ಈ ದಡದಲ್ಲಿದೆ. ಆ ದಡದಲ್ಲಿ ಹಿಂದೂಗಳ ಸ್ಮಶಾನ, ಅದರ ಬೇಲಿಗೆ ಹತ್ತಿಕೊಂಡೇ ಮುಸಲ್ಮಾನರ ಖಬರಸ್ಥಾನ. ಊರಿನ ಯಾರೇ ಸತ್ತರೂ ಹಳ್ಳ ದಾಟಿಸಬೇಕು. ಬೇಸಿಗೆಯಲ್ಲಿ ಅದು ಬರೀ ಉಸುಕು, ಮಳೆಗಾಲದಲ್ಲಿ ಮಾತ್ರ ಅದರ ಮುಖವೇ ಬೇರೆ. ಅದಕ್ಕೇ ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮುಂಗಾರು ಶುರುವಾಗುವ ಮಿರಗದ ಮಳೆಗೆ ಮುಂಚಿನ ಒಂದು ಸೋಮವಾರ, ಎತ್ತುಗಳಿಗೆ ಬಿಡುವಿನ ದಿನ, ಗುಡಿಯ ಓಣಿ, ಮಸೀದಿ ಓಣಿ ಎರಡರ ಗಂಡಸರೂ ಹಾರೆ, ಹಗ್ಗ ಹಿಡಿದು ಹಳ್ಳಕ್ಕಿಳಿಯುವರು. ಹೋದ ವರ್ಷದ ನೀರು ಕೆಳಗೆ ಉರುಳಿಸಿಕೊಂಡು ಹೋದ ಚಪ್ಪಟೆ ಕಲ್ಲುಗಳನ್ನು ಹುಡುಕಿ, ಎಳೆದು ತಂದು, ಮತ್ತೆ ಅವೇ ಜಾಗದಲ್ಲಿ ಹಾಸುವರು. ಹೆಣ ಹೊತ್ತವರು ಇಬ್ಬಿಬ್ಬರು ಜೋಡಿಯಾಗಿ ನಡೆಯುವಷ್ಟು ಅಗಲ. ಎದೆಯುದ್ದ ನೀರು ಬಂದರೂ ಕಾಲಡಿ ಕಲ್ಲಿದ್ದರೆ ಧೈರ್ಯ. ಈ ಕೆಲಸಕ್ಕೆ ಮುಂದಾಳು ಸಕ್ರಪ್ಪ. ಮಹಬೂಬಸಾಬನ ವಾರಿಗೆಯವನು, ಒಂದೇ ಬೆಂಚಿನಲ್ಲಿ ಕೂತು ಕಲಿತವನು. ಯಾವ ಕಲ್ಲು ಎಲ್ಲಿ ಕೂಡಬೇಕೆಂದು ಅವನಿಗೆ ಕಣ್ಣು ಮುಚ್ಚಿ ಗೊತ್ತು. ನಟ್ಟ ನಡುವೆ, ನೀರು ಸೆಳೆಯುವ ಕಡೆ, ಒಂದು ದೊಡ್ಡ ಕಲ್ಲು ಕೂಡಬೇಕು. ಅದನ್ನು ಅವನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ಪಂಚಾಯತಿ ಚುನಾವಣೆ ಬಂತು. ಹೊನ್ನೇಶ ಎಂಬ ಊರಿನ ಹುಡುಗ, ಹುಡುಗನೆಂದರೆ ಎರಡು ಮಕ್ಕಳ ತಂದೆ, ಟಿಪ್ಪರು ಜೆಸಿಬಿ ಇಟ್ಟುಕೊಂಡು ನಾಲ್ಕು ಜನರ ಕಣ್ಣಲ್ಲಿ ಕಾಣುತ್ತಿದ್ದವನು, ತನ್ನ ಗುಂಪು ಕಟ್ಟಿಕೊಂಡು ನಿಂತ. ಅಂಗಡಿಗೆ ಬಂದು, ಚಾಚಾ, ನಮ್ಮದೊಂದು ಪ್ರಣಾಳಿಕೆ ಆಗಬೇಕು, ನೀವೇ ಏನಾದರೂ ಚಂದಾಗಿ ಬರೆದುಬಿಡಿ ಎಂದ. ಏನು ಬರೆಯಲಿ ಎಂದರೆ, ನಿಮಗೆ ತಿಳಿದದ್ದು ಎಂದ. ಇಂಥ ಮಾತನ್ನು ಮಹಬೂಬಸಾಬ ಎಷ್ಟು ವರ್ಷದಿಂದ ಕಾದಿದ್ದನೋ! ಅಂದು ಮಧ್ಯಾಹ್ನ ಅಂಗಡಿಗೆ ಬಂದ ಲಗ್ನಪತ್ರಿಕೆಯವರನ್ನು ನಾಳೆ ಬರ್ರಿ ಎಂದು ಕಳಿಸಿಬಿಟ್ಟ. ಬರೆದ, ಅಳಿಸಿದ, ಮತ್ತೆ ಬರೆದ. ಸಂಜೆ ಮನೆಗೆ ಬಂದವನು ಚಹಾ ಕೂಡ ಕೇಳದೆ ಜೈಬುನ್ನೀಸಾಳ ಎದುರು ಕೂತು ಓದಿದ.

"ನಮ್ಮೂರಿನಲ್ಲಿ ಹುಟ್ಟಿದವರೆಲ್ಲ ಒಂದು ದಿನ ಈ ಹಳ್ಳ ದಾಟಬೇಕು. ಗುಡಿಯ ಓಣಿಯವರೂ ದಾಟಬೇಕು, ಮಸೀದಿ ಓಣಿಯವರೂ ದಾಟಬೇಕು. ದಾಟುವವರಿಗೆ ನೀರು ತಿಳಿಯುವುದಿಲ್ಲ, ಹೊತ್ತವರ ಕಾಲಿಗೆ ತಿಳಿಯುತ್ತದೆ. ನಾನು ಒಂದೇ ಕೆಲಸ ಮಾಡುತ್ತೇನೆ. ಈ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇನೆ. ಮುಂದಿನ ಮಳೆಗಾಲದಲ್ಲಿ ಈ ಊರಿನ ಹೆಗಲು ನೀರಿಗಿಳಿಯುವುದಿಲ್ಲ. ಹಳ್ಳದ ಕಲ್ಲುಗಳೇ, ನಮ್ಮ ಹಿರಿಯರನ್ನೆಲ್ಲ ನೀವು ಆಚೆ ದಡ ಮುಟ್ಟಿಸಿದಿರಿ, ಬೆನ್ನು ಸವೆಸಿಕೊಂಡಿರಿ. ಇನ್ನು ನಿಮಗೆ ವಿಶ್ರಾಂತಿ."

ಜೈಬುನ್ನೀಸಾ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಅವಳ ಅತ್ತೆಯನ್ನೂ, ಅವಳ ಕೈಗೂಸೊಂದನ್ನೂ ಆ ಕಲ್ಲುಗಳ ಮೇಲೆಯೇ ಒಯ್ದಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಹಬೂಬಸಾಬನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಆಮೇಲೆ ಅವಳು ಹೇಳಿದಳು:

"ಎಲ್ಲಾ ಛಲೋ ಐತ್ರಿ. ಕಡೀ ಮಾತೊಂದು ತಗದಬಿಡ್ರಿ. ಸೇತುವಿ ಇನ್ನೂ ಹುಟ್ಟಿಲ್ಲ. ಈಗಿಂದೀಗಲೇ ಕಲ್ಲಿಗೆ ಹೋಗಿಬರ್ರಿ ಅಂತ ಯಾಕ ಹೇಳತೀರಿ?"

"ಕಡೀ ಮಾತ ತಗದ್ರ ಉಳಿಯೂದು ಬರೇ ಅರ್ಜಿ," ಎಂದ ಮಹಬೂಬಸಾಬ.

"ಅರ್ಜಿನ ಇರಲಿ ಬಿಡ್ರಿ."

ಅವನಿಗೆ ರೇಗಿತು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದುಬಿಟ್ಟ. ಇಷ್ಟು ವರ್ಷ ಅವಳಿಂದಲೇ ತಿಳಿದುಕೊಂಡವನು ಆ ಮಾತು ಹೇಗೆ ಅಂದನೋ ಅವನಿಗೇ ಗೊತ್ತು. ಅವಳು ಸೂಜಿಗೆ ದಾರ ಪೋಣಿಸಿಕೊಂಡು ಕೌದಿಗೆ ತಿರುಗಿದಳು. ಆ ಸಾಲು ಹಾಗೆಯೇ ಅಚ್ಚಾಯಿತು.

ಊರಿನಲ್ಲಿ ಆ ಹಾಳೆ ಏನು ಮಾಡಿತೆಂದು ಕೇಳಬೇಡಿ. ಪ್ರಣಾಳಿಕೆಯಲ್ಲಿ ಭಜಿ ಕಟ್ಟುವುದು ಆ ಸಲ ನಿಂತೇ ಹೋಯಿತು. ಮಡಚಿ ಜೇಬಿನಲ್ಲಿಟ್ಟುಕೊಂಡರು, ಗೋಡೆಗೆ ಅಂಟಿಸಿಕೊಂಡರು, ಮೊಬೈಲಿನಲ್ಲಿ ಫೋಟೋ ಹಿಡಿದು ಗಂಡನ ಮನೆಗೆ ಹೋದ ಹೆಣ್ಣುಮಕ್ಕಳಿಗೆ ಕಳಿಸಿದರು. ಕಟ್ಟೆಯ ಮೇಲೆ ಮಹಬೂಬಸಾಬನೇ ಅದನ್ನು ಸಕ್ರಪ್ಪನಿಗೆ ಓದಿ ಹೇಳಿದ. ಕಲ್ಲುಗಳೇ ಎಂಬಲ್ಲಿಗೆ ಬಂದಾಗ ಆ ಗಟ್ಟಿ ಮನುಷ್ಯ ಟಾವೆಲಿನಲ್ಲಿ ಮುಖ ಮುಚ್ಚಿಕೊಂಡ. ತನ್ನ ಕಲ್ಲುಗಳ ಬಗ್ಗೆ ಹೀಗೆ ಯಾರಾದರೂ ಬರೆದಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಬೆಟಗೇರಿಯ ಹಳೆಯ ಮುದ್ರಣಾಲಯದಿಂದ ಗೆಳೆಯನೊಬ್ಬ ಫೋನ್ ಮಾಡಿ, ಇದು ಪ್ರಣಾಳಿಕೆ ಅಲ್ಲ ಮಾರಾಯ, ಕಾವ್ಯ ಎಂದ. ಮಹಬೂಬಸಾಬ ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ. ಹೊನ್ನೇಶ ಗೆದ್ದ. ಅವನಿಗೆ ಎದುರು ನಿಂತವರೂ ಸೋತದ್ದು ಹಾಳೆಗೆ, ಹುಡುಗನಿಗಲ್ಲ ಎಂದರು.

ಹೊನ್ನೇಶ ಕಳ್ಳನೇನಲ್ಲ. ಅಷ್ಟು ಸುಲಭವಾಗಿ ಅವನನ್ನು ಬೈದು ಕೈತೊಳೆದುಕೊಳ್ಳಲು ಬರುವಂತಿಲ್ಲ. ಗೆದ್ದ ಎರಡು ತಿಂಗಳಿಗೇ ಹಳ್ಳದ ದಡದಲ್ಲಿ ಪೂಜೆ ಮಾಡಿಸಿದ, ಕಾಯಿ ಒಡೆಸಿದ, ಅಡಿಗಲ್ಲು ನಿಲ್ಲಿಸಿದ. ಆಳೆತ್ತರದ ಕರಿಕಲ್ಲು, ಎರಡೂ ಮಗ್ಗಲು ಯಂತ್ರದಿಂದ ಕೊಯ್ದು ನುಣುಪು ಮಾಡಿದ್ದು. ಮೇಲೆ ದೊಡ್ಡದಾಗಿ ಹೊನ್ನೇಶನ ಹೆಸರು, ಅದರ ಕೆಳಗೆ ಆಳವಾಗಿ ಕೊರೆಸಿದ ಸಾಲು: ಈ ಊರಿನ ಹೆಗಲು ನೀರಿಗಿಳಿಯುವುದಿಲ್ಲ. ಬರೆದವನ ಹೆಸರಿಲ್ಲ. ಅವನಿಗೆ ಅದರ ಚಿಂತೆಯೂ ಇರಲಿಲ್ಲ. ಜೀವಮಾನವೆಲ್ಲ ಹಾಳೆಯ ಮೇಲೆ ಅಕ್ಷರ ಕೂಡಿಸಿದವನು ತನ್ನದೊಂದು ಸಾಲು ಕಲ್ಲಿನಲ್ಲಿ ಕೂತದ್ದು ನೋಡಿ ಹಿಗ್ಗಿದ. ಸಂಜೆ ಬಸ್ಸಿಳಿದು ನೇರ ಹಳ್ಳಕ್ಕೆ ಹೋಗುವನು, ಅಂಗೈಯಿಂದ ಅಕ್ಷರಗಳನ್ನು ಸವರುವನು, ಆ ಬೆರಳನ್ನು ಕಣ್ಣಿಗೊತ್ತಿಕೊಂಡು ಮನೆಗೆ ಬರುವನು. ಜೈಬುನ್ನೀಸಾ, ಎರಡನೇ ಹೆಂಡತಿಯನ್ನು ನೋಡಿಕೊಂಡು ಬಂದಿರೇನು ಎಂದು ಚೇಷ್ಟೆ ಮಾಡುವಳು.

ಪೂಜೆಯಾದ ಮೇಲೆ ಟೇಪು ಹಿಡಿದು ಅಳೆದರು, ಸುಣ್ಣದ ಗೆರೆ ಎಳೆದರು. ಗೆರೆ ಬಿಸಿಲಿಗೆ ಮಾಸಿತು. ಹೊನ್ನೇಶ ಗದಗಿಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ಇಷ್ಟು ದೊಡ್ಡ ಕೆಲಸ ಪಂಚಾಯತಿಯ ಕೈಯಲ್ಲಿಲ್ಲ, ಮೇಲಿನಿಂದ ಆಗಬೇಕು ಎಂದು ಒಂದು ದಿನ ಹೇಳಿದ. ಆಗುತ್ತದೆ, ಆಗುತ್ತದೆ ಎನ್ನುತ್ತ ಬಂದ. ಆಮೇಲೆ ಕಟ್ಟೆಯ ಮುಂದೆ ಮೋಟರ್‌ಸೈಕಲ್ ನಿಲ್ಲಿಸುವುದನ್ನು ಬಿಟ್ಟ.

ಮಿರಗ ಹತ್ತಿರ ಬಂತು. ಕಲ್ಲು ಹಾಸುವ ಸೋಮವಾರದ ಬೆಳಿಗ್ಗೆ ಸಕ್ರಪ್ಪ ಹಾರೆ ಹಿಡಿದುಕೊಂಡು ಮಹಬೂಬಸಾಬನ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

"ಏನ ಮಾಡೂಣು ಮಹಬೂಬ? ಹುಡುಗ್ರು ಒಲ್ಲೆ ಅಂತಾರ. ಕಲ್ಲಿಗೆ ವಿಶ್ರಾಂತಿ ಅಂತ ಬರದಾಗೇತಿ, ಇನ್ನ್ಯಾಕ ಬೆನ್ನ ಮುರಕೋಬೇಕು ಅಂತಾರ. ಬರದಾಂವ ನೀನು. ಹಾಕೂಣು ಅಂದ್ರ ಹಾಕೇ ಬಿಡತೀನಿ."

ಒಂದು ಮಾತು ಸಾಕಿತ್ತು. ಹೂಂ ಎಂದಿದ್ದರೆ ಮಧ್ಯಾಹ್ನದೊಳಗೆ ಕಲ್ಲುಗಳೆಲ್ಲ ತಮ್ಮ ಜಾಗಕ್ಕೆ ಬಂದು ಕೂಡುತ್ತಿದ್ದವು. ಆದರೆ ಮಹಬೂಬಸಾಬನ ಕಣ್ಣ ಮುಂದೆ ಆ ಕರಿಕಲ್ಲು ಬಂತು. ಅದರ ಎದುರಿಗೇ ಊರವರು ಮೊಣಕಾಲುದ್ದ ಉಸುಕಿನಲ್ಲಿ ಇಳಿದು ಹಳೇ ಕಲ್ಲು ಎಳೆಯುತ್ತಿದ್ದರೆ ತನ್ನ ಸಾಲು ಅಂದೇ ಸುಳ್ಳಾದಂತೆ. ಸೇತುವೆ ತಡವಾಗುವುದು ಹೊನ್ನೇಶನ ಹಣೆಬರಹ. ಬರವಣಿಗೆಯ ಮೇಲೆ ಊರಿಗೆ ನಂಬಿಕೆ ಹೋಗುವುದು ತನ್ನದು. ಅಷ್ಟೆಲ್ಲ ಅವನು ಲೆಕ್ಕ ಹಾಕಿ ಯೋಚಿಸಿದನೆಂದಲ್ಲ. ಬಾಗಿಲಲ್ಲಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಈ ವರ್ಷ ಇರಲಿ ಬಿಡು," ಎಂದ. ಸಕ್ರಪ್ಪ ಆತು ಎಂದು ಹಾರೆ ಹೆಗಲಿಗೆ ಹಾಕಿಕೊಂಡು ಹೊರಟ.

ಅಡುಗೆಮನೆಯಿಂದ ಜೈಬುನ್ನೀಸಾ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಚಹಾದ ಬಸಿ ಅವನ ಮುಂದಿಟ್ಟು ಮೆಲ್ಲಗೆ ಕೇಳಿದಳು:

"ಮಳಿಗೆ ಓದಾಕ ಬರತೈತೇನ್ರಿ?"

ಅಂದು ಅವನು ಯಾವುದನ್ನೂ ಓದಲಿಲ್ಲ.

ಮಿರಗ ಸುಮ್ಮನೆ ಹನಿಸಿ ಹೋಯಿತು. ಹಳ್ಳದಲ್ಲಿ ಹಿಮ್ಮಡಿ ಮುಳುಗುವಷ್ಟೂ ನೀರಿರಲಿಲ್ಲ. ಊರಿಗೆ ಅಷ್ಟೇ ಸಾಕಾಯಿತು. ಹೋದ ವರ್ಷ ಸುಮ್ಮನೆ ಬೆನ್ನು ಮುರಿದುಕೊಂಡೆವು ಎಂದು ನಕ್ಕರು. ನಡುವೆ ಒಂದು ಮುದುಕಿ ಸತ್ತಳು, ಅವಳನ್ನು ಒಣಗಾಲಲ್ಲೇ ದಾಟಿಸಿದರು. ಆಮೇಲೆ ಮಘೆ ಮಳೆ ಹಿಡಿಯಿತು. ಹಗಲಿಲ್ಲ ರಾತ್ರಿಯಿಲ್ಲ, ಹಿಡಿದದ್ದು ಬಿಡಲಿಲ್ಲ. ಕರಿ ಮಣ್ಣಿನ ಹೊಲಗಳೆಲ್ಲ ಕರಗಿ ಹಳ್ಳಕ್ಕೆ ಇಳಿದವು. ಆ ಮಳೆಯ ಒಂದು ಬೆಳಿಗ್ಗೆ ಜೈಬುನ್ನೀಸಾ ರೊಟ್ಟಿ ಬಡಿಯುತ್ತ ಕೂತವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಾಕೆ ಎಂದು ಅವನು ಕೇಳುವಷ್ಟರಲ್ಲಿ ಗೋಡೆಗೆ ಒರಗಿದಳು. ಸಕ್ರಪ್ಪನ ಹೆಂಡತಿ ಕಳಕವ್ವ ಓಡಿ ಬಂದಳು, ಯಾರೋ ಗಾಡಿ ತರಲು ಓಡಿದರು. ಗಾಡಿ ಬರುವ ಹೊತ್ತಿಗೆ ಅದರ ಕೆಲಸವೇ ಉಳಿದಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಮನೆತುಂಬ ಆಡುತ್ತಿತ್ತು, ಕಳಕವ್ವ ಅದನ್ನು ಇಳಿಸಿದಳು.

ಮುಸಲ್ಮಾನರಲ್ಲಿ ಮಣ್ಣು ತಡ ಮಾಡುವುದಿಲ್ಲ. ನೂರೀನ ಬೆಟಗೇರಿಯಿಂದ ಅರ್ಧ ದಾರಿ ಬಸ್ಸು, ಅರ್ಧ ದಾರಿ ಯಾರದೋ ಟ್ರ್ಯಾಕ್ಟರು ಹಿಡಿದು ಬಂದು ತಾಯಿಯ ಮುಖ ನೋಡಿದಳು. ಹೆಂಗಸರು ಮೈ ತೊಳೆದು, ಬಿಳಿ ಕಫನ್ ಉಡಿಸಿ, ಕರ್ಪೂರ ಹಚ್ಚಿದರು. ಮಸೀದಿಯಲ್ಲಿ ನಮಾಜಾಯಿತು. ಜನಾಜಾದ ಮಂಚ ಹೊತ್ತು ಹಳ್ಳದ ದಡಕ್ಕೆ ಬಂದಾಗ ಎದುರಿಗೆ ಹಳ್ಳವಿರಲಿಲ್ಲ, ಹೊಳೆಯಿತ್ತು. ಬಹು ದೂರ ಸುತ್ತುಹಾಕಿ ಆಚೆ ದಡ ಸೇರುವ ಡಾಂಬರು ರಸ್ತೆಯೂ ತಗ್ಗಿನಲ್ಲಿ ಮುಳುಗಿತ್ತು. ಬೆಳಿಗ್ಗೆಯೇ ಹಗ್ಗ ಹಿಡಿದು ಈಜಿ ದಾಟಿದ್ದ ಹುಡುಗರು ಆಚೆ ಗೋರಿ ತೋಡಿ ಕಾದಿದ್ದರು. ಮಗ್ಗಲು ಕುಸಿಯುತ್ತಿದೆ, ನೀರು ತುಂಬುತ್ತಿದೆ, ಜಲ್ದಿ ತನ್ನಿ ಎಂದು ಅಲ್ಲಿಂದ ಕೂಗುತ್ತಿದ್ದರು. ಮಳೆಯಲ್ಲಿ ದಡದ ಮೇಲೆ ಜನಾಜಾ ಇಳಿಸಿ ಎಷ್ಟು ಹೊತ್ತು ನಿಲ್ಲುವುದು?

ಸಕ್ರಪ್ಪ ಪಂಚೆ ಎತ್ತಿ ಕಟ್ಟಿದ. ಆಚೆಯಿಂದ ಬಂದ ಹಗ್ಗದ ತುದಿ ಕಟ್ಟಲು ಈ ದಡದಲ್ಲಿ ಗಟ್ಟಿಯಾಗಿ ನಿಂತದ್ದು ಒಂದೇ ಇತ್ತು. ಆ ಅಡಿಗಲ್ಲಿಗೆ ಹಗ್ಗ ಸುತ್ತಿ ಬಿಗಿದರು. ಎರಡೂ ಓಣಿಯವರು ಹಗ್ಗದುದ್ದಕ್ಕೂ ಸಾಲಾಗಿ ನೀರಿನಲ್ಲಿ ನಿಂತರು. ಮುಂದಿನ ಬಲಹೆಗಲು ತನ್ನದು ಎಂದ ಸಕ್ರಪ್ಪ, ಯಾರೂ ಬೇಡವೆನ್ನಲಿಲ್ಲ. ಮಹಬೂಬಸಾಬ ಮಂಚದ ಹಿಂದಿನ ಕಾಲಿಗೆ ಹೆಗಲು ಕೊಟ್ಟ. ಸೊಂಟಕ್ಕೆ ನೀರು ಬಂತು, ಎದೆಗೆ ಬಂತು. ಜನಾಜಾವನ್ನು ಕೈಯೆತ್ತಿ ತಲೆಯ ಮೇಲೆ ಹಿಡಿದರು.

ನಟ್ಟ ನಡುವೆ ಬಂದಾಗ ಸಕ್ರಪ್ಪನ ಕಾಲು ಮುಂದಕ್ಕೆ ಹೋಗಿ ತನ್ನ ದೊಡ್ಡ ಕಲ್ಲನ್ನು ಹುಡುಕಿತು. ಎಷ್ಟೋ ಮಳೆಗಾಲ ಅಲ್ಲೇ ಊರಿದ ಕಾಲು. ಮನುಷ್ಯನಿಗೆ ಗೊತ್ತಿತ್ತು ಕಲ್ಲಿಲ್ಲವೆಂದು, ಕಾಲಿಗೆ ಗೊತ್ತಿರಲಿಲ್ಲ. ಭಾರವೆಲ್ಲ ಅಲ್ಲಿ ಬಿಟ್ಟ, ಕೆಳಗೆ ಏನೂ ಇರಲಿಲ್ಲ. ಸಕ್ರಪ್ಪ ಮುಳುಗಿದ. ಜನಾಜಾ ಮುಂದಕ್ಕೆ ಬಾಗಿತು, ತಲೆಯ ಕಡೆ ನೀರಿನೊಳಗೆ ಹೋಯಿತು. ಹಿಂದೆ ಹಿಡಿದಿದ್ದ ಮಹಬೂಬಸಾಬನಿಗೆ ಎಲ್ಲ ಕಂಡಿತು. ಬೆಳ್ಳಗಿನ ಬಟ್ಟೆ ಕಣ್ಣೆದುರೇ ಕರಿ ರಾಡಿ ಕುಡಿಯಿತು. ಅವನು ಅವಳ ಪಾದಗಳನ್ನು ಬಟ್ಟೆಯ ಮೇಲಿಂದ ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಹಿಂದಕ್ಕೆ ಜಗ್ಗಿದ, ಉಳಿದವರು ಮೈಮೇಲೆ ಬಿದ್ದು ಎತ್ತಿದರು. ಅಂತೂ ದಾಟಿಸಿದರು. ಬಟ್ಟೆ ಒದ್ದೆಯಾದರೆ ಬಾಧೆಯಿಲ್ಲ, ಮತ್ತೆ ಮೈ ತೊಳೆಯಬೇಕಾಗಿಲ್ಲ ಎಂದು ಮಸೀದಿಯ ಹಿರಿಯರು ಸಮಾಧಾನ ಹೇಳಿದರು. ರಾಡಿಯ ಬಟ್ಟೆಯಲ್ಲೇ ಅವಳನ್ನು ರಾಡಿಯ ಗೋರಿಗೆ ಇಳಿಸಿದರು. ಮೂರು ಹಿಡಿ ಮಣ್ಣು ಹಾಕಬೇಕು. ಕೈಗೆ ಮಣ್ಣು ಸಿಗಲಿಲ್ಲ, ಕೆಸರು ಸಿಕ್ಕಿತು.

ಎಲ್ಲ ಮುಗಿದ ಮೇಲೆ ಸಕ್ರಪ್ಪ ಬೇಲಿಯ ಬದಿ ಕೂತು ತನ್ನ ಬಲಗಾಲನ್ನು ಕೈಯಿಂದ ಹೊಡೆದುಕೊಳ್ಳುತ್ತಿದ್ದ.

"ಕಾಲು ಕಲ್ಲ ಹುಡುಕಿತೋ ಮಹಬೂಬ. ಅಲ್ಲೇ ಇರಬೇಕಿತ್ತಲ್ಲೋ ಅದು."

ಬೇಡ ಬಿಡು ಅಂದವನು ನಾನು ಎಂದು ಮಹಬೂಬಸಾಬ ಹೇಳಬೇಕೆಂದುಕೊಂಡ. ಹೇಳದೆ ಆ ಹೊಡೆಯುವ ಕೈ ಹಿಡಿದುಕೊಂಡ. ಸಕ್ರಪ್ಪನೂ ಅದನ್ನು ಎತ್ತಲಿಲ್ಲ. ಊರಿನಲ್ಲಿ ಒಬ್ಬರೂ ಎತ್ತಲಿಲ್ಲ. ಬಂದವರೆಲ್ಲ ಹೊನ್ನೇಶನಿಗೆ ಶಾಪ ಹಾಕಿದರು, ಅಡಿಗಲ್ಲಿಗೆ ಉಗುಳಿದರು, ಮಹಬೂಬಸಾಬನಿಗೆ ಜೋಳದ ನುಚ್ಚು, ಸಾರು ತಂದಿಟ್ಟು ಎರಡು ತುತ್ತಾದರೂ ಉಣ್ಣು ಎಂದರು. ಒಬ್ಬನಾದರೂ ಬಂದು ಕೊರಳಪಟ್ಟಿ ಹಿಡಿಯಬಾರದೇ ಎಂದು ಅವನಿಗೆ ಅನಿಸುತ್ತಿತ್ತು. ಆ ಜನರ ಮರ್ಯಾದೆ ಅವನನ್ನು ಸುಟ್ಟಿತು. ಮುಗಿಯದ ಕೌದಿ ಸೂಜಿಯ ಸಮೇತ ಮೂಲೆಯಲ್ಲಿ ಹಾಗೆಯೇ ಇತ್ತು. ನೂರೀನ ಒಯ್ಯುತ್ತೇನೆ ಎಂದಳು, ಅವನು ಕೊಡಲಿಲ್ಲ.

ನಲವತ್ತನೆಯ ದಿನದ ಚಾಳೀಸವಾ ಮುಗಿಸಿ ಅಂಗಡಿ ತೆರೆದ. ಕೆಲಸ ಮಾಡುತ್ತಿದ್ದ, ಓದುತ್ತಿರಲಿಲ್ಲ. ದೀಪಾವಳಿ ಕಳೆದು ಹಳ್ಳ ಬತ್ತಿತು. ತಾಲೂಕು ಪಂಚಾಯತಿ ಚುನಾವಣೆಯ ಸುದ್ದಿ ಎದ್ದಿತು. ಒಂದು ಮಧ್ಯಾಹ್ನ ಹೊನ್ನೇಶ ಅಂಗಡಿಗೆ ಬಂದ. ಜೈಬುನ್ನೀಸಾ ಹೋದ ಮೇಲೆ ಅವನು ಎದುರಿಗೆ ಬಂದದ್ದು ಅದೇ ಮೊದಲು. ಬಂದವನೇ ಕಾಲಿಗೆ ಬಿದ್ದ, ಅತ್ತ. ಅಳು ಸುಳ್ಳಾಗಿರಲಿಲ್ಲ. ಸೇತುವೆಯ ಕಡತ ಎಲ್ಲಿ ನಿಂತಿದೆ, ತಾನು ಯಾರ ಯಾರ ಬಾಗಿಲು ಕಾದೆ ಎಲ್ಲ ಹೇಳಿದ. ತಾಲೂಕಿಗೆ ಹೋದರೆ ಮಾತ್ರ ತನ್ನ ಮಾತು ನಡೆಯುತ್ತದೆ, ಈ ಸಲ ಆಗಿಯೇ ತೀರುತ್ತದೆ ಎಂದ. ಮಹಬೂಬಸಾಬ ಅವನಿಗೆ ಕುಡಿಯಲು ನೀರು ಕೊಟ್ಟ. ನೀರು ಕುಡಿದು, ಬಾಯಿ ಒರೆಸಿಕೊಂಡು ಹೊನ್ನೇಶ ಹೇಳಿದ:

"ಇನ್ನೊಂದು ಬರದಕೊಡ್ರಿ ಚಾಚಾ. ಹಿಂದಿಂದು ಓದಿ ಈಗೂ ಮಂದಿ ಅಳತಾರ. ಈ ಸಲ ಚಾಚಿಯವರದು ಬರೀರಿ. ಹೆಸರು ಹಾಕೇ ಬರೀರಿ."

ಹೀಗೆ ಹೇಳಿದವನ ಮುಖಕ್ಕೆ ಏನಾದರೂ ಎತ್ತಿ ಎಸೆಯಬೇಕಿತ್ತು. ಮಹಬೂಬಸಾಬ ಎಸೆಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನಿಗೊಂದು ಅನಾಹುತವಾಗಿತ್ತು. ಕರೆಯದೆ, ಕೇಳದೆ, ಮೊದಲ ಸಾಲು ತಾನಾಗಿ ಬಂದು ತಲೆಯಲ್ಲಿ ಕೂತುಬಿಟ್ಟಿತ್ತು. "ನಮ್ಮೂರಿನ ಒಬ್ಬ ತಾಯಿ ಸತ್ತ ಮೇಲೆ ಮುಳುಗಿದಳು." ಚೆನ್ನಾಗಿತ್ತು. ಹಿಂದಿನದಕ್ಕಿಂತ ಚೆನ್ನಾಗಿತ್ತು. ಇದರ ಬೆನ್ನಿಗೆ ಯಾವ ಸಾಲು ಬರಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜನ ಟಾವೆಲು ಮುಖಕ್ಕೆ ಹಿಡಿಯುತ್ತಾರೆ ಎಲ್ಲ ಅವನಿಗೆ ಕಾಣುತ್ತಿತ್ತು. ಇದನ್ನು ಕೇಳಿ ಕಡೆಯ ಮಾತು ತೆಗೆಯಿರಿ ಎನ್ನುವವಳು ಮನೆಯಲ್ಲಿಲ್ಲ ಎಂಬುದು ಆಗ ಅವನಿಗೆ ಮೊದಲ ಸಲ ಪೂರ್ತಿ ತಿಳಿಯಿತು, ಅಲ್ಲೇ ಮೇಜಿಗೆ ಹಣೆ ಹಚ್ಚಿ ಅತ್ತ. ಹೊನ್ನೇಶ ತಾನೂ ಅಳುತ್ತ ಅವನ ಬೆನ್ನು ಸವರಿದ.

ಮಹಬೂಬಸಾಬ ತಲೆಯೆತ್ತಿ, ಸೋಮವಾರ ಹಳ್ಳಕ್ಕೆ ಬಾ, ಕಲ್ಲು ಹಾಸುವುದಿದೆ ಎಂದ. ಮಳೆಗಾಲ ಇನ್ನೂ ಎಷ್ಟು ದೂರ ಇದೆಯಲ್ಲ ಎಂದು ಹೊನ್ನೇಶ ತಬ್ಬಿಬ್ಬಾದ. ಬರೆಯುವುದು ಏನಾಯಿತು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಬರುತ್ತೇನೆ ಎಂದು ಹೋದ.

ಸೋಮವಾರ ಅವನು ಬರಲಿಲ್ಲ. ಎರಡೂ ಓಣಿಯವರು ಬಂದರು. ಕರೆದವನು ಸಕ್ರಪ್ಪನಲ್ಲ, ಮಹಬೂಬಸಾಬ; ಮನೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಹೋದ ಮಿರಗದಲ್ಲಿ ಬೇಡ ಅಂದವನು ನಾನು, ತಪ್ಪಾಯಿತು, ಬರ್ರಿ ಎಂದು ಹೇಳಿ ಕರೆದಿದ್ದ. ಕೆಳಗೆ ಉರುಳಿ ಹೋದ ಕಲ್ಲುಗಳನ್ನು ಹುಡುಕಿ ತಂದರು. ನಡುವಿನ ದೊಡ್ಡ ಕಲ್ಲು ಮಾತ್ರ ಎಷ್ಟು ದೂರ ಹೋದರೂ ಸಿಗಲಿಲ್ಲ, ಆ ಮಳೆ ಅದನ್ನು ಎಲ್ಲಿ ಹೂತಿತ್ತೋ. ಸಕ್ರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. ಮಹಬೂಬಸಾಬ ದಡದ ಕಡೆ ಕೈ ತೋರಿಸಿದ.

ಅಡಿಗಲ್ಲನ್ನು ಹಾರೆಯಿಂದ ಮೀಟಿ ಕೆಡವಿದರು. ನಾಲ್ವರು ಹೆಗಲು ಕೊಟ್ಟು ಇಳಿಸಿ ತಂದರು. ಸಕ್ರಪ್ಪ ಜಾಗ ಹದ ಮಾಡಿ, ಅಕ್ಷರದ ಮಗ್ಗಲು ಕೆಳಗೆ ಬರುವಂತೆ ಕಲ್ಲನ್ನು ಕೂಡಿಸಿದ. ತಿರುವಿ ಹಾಕು ಎಂದ ಮಹಬೂಬಸಾಬ. ಸಕ್ರಪ್ಪ ಅವನ ಮುಖ ನೋಡಿದ. ಬೀದಿಯಲ್ಲಿ ಬಿದ್ದ ಸೋಪಿನ ಕಾಗದ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಹೇಳುವ ಮಾತೇ ಇದು?

"ಅಕ್ಷರ ಅದಾವಲ್ಲೋ. ಮಂದಿ ತುಳೀತಾರ."

"ಹಿಂದಿನ ಮಗ್ಗಲು ನುಣ್ಣಗೈತಿ ಸಕ್ರಪ್ಪ, ನೀರಾಗ ಜಾರತೈತಿ. ಅಕ್ಷರ ಆಳ ಕೊರದಾರ. ಕಾಲಿಗೆ ಹಿಡಿತ ಸಿಗತೈತಿ."

ತಿರುವಿ ಹಾಕಿದರು. ಮಹಬೂಬಸಾಬ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ತನ್ನ ಸಾಲಿನ ಮೇಲೆ ಹತ್ತಿ ನಿಂತ. ಒಂದು ಸಲ ಈ ಕಾಲಿಗೆ, ಒಂದು ಸಲ ಆ ಕಾಲಿಗೆ ಭಾರ ಬಿಟ್ಟು ನೋಡಿದ. ಕಲ್ಲು ಅಲುಗಾಡಲಿಲ್ಲ. ಆತು, ಮುಂದಿನ ಕಲ್ಲು ತರ್ರಿ ಎಂದ.